ರೋಮ್‌ಗೆ ನಾವೇ ಹೊರಟರೆ: ಯಾವುದು ಮೊದಲು, ಯಾವುದು ಆಮೇಲೆ

ಹತ್ತು ದಿನದಲ್ಲಿ ಆರು ದೇಶ ತೋರಿಸುವ ಪ್ಯಾಕೇಜ್ ಪ್ರವಾಸದಲ್ಲಿ ರೋಮ್ ಪಾಲಿಗೆ ಬರುವುದು ಸಾಮಾನ್ಯವಾಗಿ ಒಂದೇ ಹಗಲು. ಕೊಲೊಸಿಯಂ ಮುಂದೆ ಫೋಟೊ, ಟ್ರೆವಿ ಕಾರಂಜಿಗೆ ಒಂದು ನಾಣ್ಯ, ಮತ್ತೆ ಬಸ್ಸು. ಹಾಗೆ ನೋಡಿ ಬಂದವರೂ, ಮಕ್ಕಳು ಜರ್ಮನಿಯಲ್ಲೋ ನೆದರ್ಲೆಂಡ್ಸ್‌ನಲ್ಲೋ ಕೆಲಸಕ್ಕಿರುವ ತಂದೆತಾಯಿಯರೂ ಈಗ ‘ಈ ಸಲ ನಾವೇ ಹೋಗೋಣ’ ಎನ್ನತೊಡಗಿದ್ದಾರೆ. ಹೀಗೆ ಹೊರಡುವವರು ಹೆಚ್ಚಾಗಿ ಎಡವುವುದು ಕೆಲಸಗಳ ಸರದಿಯಲ್ಲಿ. ವೀಸಾ ಕೈಗೆ ಬರುವ ಮುನ್ನವೇ ಹಣ ಹಿಂದಿರುಗದ ವಿಮಾನ ಟಿಕೆಟ್ ಕೊಂಡಿರುತ್ತಾರೆ. ಕೊಲೊಸಿಯಂ ಟಿಕೆಟ್ಟನ್ನು ಅದರ ಬಾಗಿಲಲ್ಲಿ ನಿಂತು ಹುಡುಕುತ್ತಾರೆ. ಸರದಿ ಸರಿಯಾದರೆ ಉಳಿದದ್ದಕ್ಕೆ ಒಂದು ನಕ್ಷೆ, ಒಂದು ಜೊತೆ ಒಳ್ಳೆಯ ಶೂ ಸಾಕು.

## ಷೆಂಗೆನ್ ವೀಸಾ

ಯುರೋಪಿನ 29 ದೇಶಗಳು ತಮ್ಮ ನಡುವಿನ ಗಡಿ ತಪಾಸಣೆಯನ್ನು ಕೈಬಿಟ್ಟು, ಹೊರಗಿನಿಂದ ಬರುವವರಿಗೆ ಒಂದೇ ಬಗೆಯ ವೀಸಾ ಇಟ್ಟುಕೊಂಡಿವೆ. 1985ರಲ್ಲಿ ಲಕ್ಸೆಂಬರ್ಗ್‌ನ ಷೆಂಗೆನ್ ಎಂಬ ಹಳ್ಳಿಯಲ್ಲಿ ಸಹಿಯಾದ ಒಪ್ಪಂದದಿಂದ ಅದಕ್ಕೆ ಆ ಹೆಸರು. ಬ್ರಿಟನ್ ಮತ್ತು ಐರ್ಲೆಂಡ್ ಈ ಕೂಟದಲ್ಲಿಲ್ಲ. ರೋಮ್ ನಡುವೆಯೇ ಇರುವ ವ್ಯಾಟಿಕನ್ 1929ರಿಂದ ಸ್ವತಂತ್ರ ರಾಷ್ಟ್ರವಾದರೂ ಅದಕ್ಕೆ ಪ್ರತ್ಯೇಕ ವೀಸಾ ಬೇಡ. ರಸ್ತೆ ದಾಟಿದರೆ ದೇಶ ದಾಟಿದಂತೆ.

ಅರ್ಜಿ ಯಾವ ದೇಶಕ್ಕೆ? ಹೆಚ್ಚು ದಿನ ಎಲ್ಲಿ ಇರುತ್ತೀರೋ ಆ ದೇಶಕ್ಕೆ. ಇಟಲಿಯಲ್ಲಿ ಐದು ದಿನ, ಫ್ರಾನ್ಸ್‌ನಲ್ಲಿ ಮೂರು ದಿನ ಎಂದಿದ್ದರೆ ಇಟಲಿಗೆ. ಎರಡೂ ಕಡೆ ಸಮವಾದರೆ ಮೊದಲು ಕಾಲಿಡುವ ದೇಶಕ್ಕೆ. ‘ಆ ದೇಶದವರು ಬೇಗ ಕೊಡುತ್ತಾರಂತೆ’ ಎಂದು ಬೇರೆ ಕಡೆ ಅರ್ಜಿ ಹಾಕಿ ಇಟಲಿಯಲ್ಲೇ ದಿನ ಕಳೆಯುವ ಯೋಜನೆಗೆ ನಿಯಮದಲ್ಲಿ ಜಾಗವಿಲ್ಲ. ಅರ್ಜಿ ತಿರಸ್ಕೃತವಾಗಲು ಅದೂ ಕಾರಣವಾಗಬಹುದು.

ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು. ಕಡೆಯ ಗಡುವು 15 ದಿನ ಮೊದಲು. ಆ ಗಡುವನ್ನು ನಂಬಿ ಕೂರುವಂತಿಲ್ಲ. ಬೇಸಿಗೆ ರಜೆಯ ಹೊತ್ತಿನಲ್ಲಿ ಅರ್ಜಿ ಸಲ್ಲಿಸಲು ದಿನಾಂಕ ಸಿಗುವುದೇ ಕಷ್ಟ, ನಿರ್ಧಾರಕ್ಕೆ ಸಾಮಾನ್ಯವಾಗಿ 15 ದಿನ ಹಿಡಿದರೂ ಕೆಲವು ಅರ್ಜಿಗಳನ್ನು 45 ದಿನದವರೆಗೆ ಇಟ್ಟುಕೊಳ್ಳಲು ಅವಕಾಶವಿದೆ. 2024ರ ಜೂನ್‌ನಲ್ಲಿ ವಯಸ್ಕರ ಶುಲ್ಕ 90 ಯೂರೊಗೆ ಏರಿತು. ಅರ್ಜಿ ಸ್ವೀಕರಿಸುವ ಕೇಂದ್ರದ ಸೇವಾ ಶುಲ್ಕ ಬೇರೆ. ಕನಿಷ್ಠ 30,000 ಯೂರೊ ವೈದ್ಯಕೀಯ ವೆಚ್ಚ ಭರಿಸುವ ಪ್ರವಾಸ ವಿಮೆಯೂ ಬೇಕು.

ಮಕ್ಕಳ ಮನೆಯಲ್ಲಿ ಉಳಿದು ಅಲ್ಲಿಂದ ರೋಮ್‌ಗೆ ಹೋಗುವವರು ಗಮನಿಸಬೇಕಾದ ನಿಯಮ ‘180ರಲ್ಲಿ 90’. ಇದನ್ನು ಜನವರಿಯಿಂದ ಜೂನ್ ಎಂದು ಎಣಿಸುವುದಲ್ಲ. ಅಲ್ಲಿರುವ ಯಾವುದೇ ದಿನದಿಂದ ಹಿಂದಕ್ಕೆ 180 ದಿನ ಎಣಿಸಿದರೆ, ಅಷ್ಟರೊಳಗೆ ಷೆಂಗೆನ್ ದೇಶಗಳಲ್ಲಿ ಕಳೆದ ಒಟ್ಟು ದಿನ 90 ಮೀರಿರಬಾರದು. ಜೊತೆಗೆ ವೀಸಾ ಚೀಟಿಯ ಮೇಲೆ ಎಷ್ಟು ದಿನ ಇರಬಹುದು ಎಂಬ ಅಂಕಿಯೂ ಇರುತ್ತದೆ. ಅದು 20 ಎಂದಿದ್ದರೆ ನಿಮಗೆ ಸಿಕ್ಕಿರುವುದು ಇಪ್ಪತ್ತೇ ದಿನ.

ಹೊಸದಾಗಿ ಬಂದಿರುವುದು ಪ್ರವೇಶ-ನಿರ್ಗಮನದ ಎಲೆಕ್ಟ್ರಾನಿಕ್ ದಾಖಲಾತಿ. 2025ರ ಅಕ್ಟೋಬರ್ 12ರಿಂದ ಹಂತಹಂತವಾಗಿ ಇದು ಜಾರಿಗೆ ಬಂತು. ಪಾಸ್‌ಪೋರ್ಟ್ ಮೇಲೆ ಮುದ್ರೆ ಒತ್ತುವ ಬದಲು ನೀವು ಒಳಬಂದ, ಹೊರಹೋದ ದಿನವನ್ನು ಕಂಪ್ಯೂಟರ್ ಬರೆದಿಟ್ಟುಕೊಳ್ಳುತ್ತದೆ. ವೀಸಾ ಪಡೆದವರ ಬೆರಳಚ್ಚು ಆಗಲೇ ದಾಖಲೆಯಲ್ಲಿರುವುದರಿಂದ ಗಡಿಯಲ್ಲಿ ಅದನ್ನು ತಾಳೆ ನೋಡಿ ಮುಖದ ಚಿತ್ರ ತೆಗೆಯುತ್ತಾರೆ. ಇದಕ್ಕೆ ಶುಲ್ಕವಿಲ್ಲ. ಫ್ರಾಂಕ್‌ಫರ್ಟ್ ಅಥವಾ ಪ್ಯಾರಿಸ್‌ನಲ್ಲಿ ವಿಮಾನ ಬದಲಿಸುವವರಿಗೆ ಈ ತಪಾಸಣೆ ರೋಮ್‌ನಲ್ಲಿ ಅಲ್ಲ, ಅಲ್ಲಿಯೇ ನಡೆಯುತ್ತದೆ. ಎರಡು ವಿಮಾನಗಳ ನಡುವೆ ಒಂದೇ ಗಂಟೆ ಇರುವ ಅಗ್ಗದ ಟಿಕೆಟ್ಟಿಗೆ ಕೈ ಹಾಕುವ ಮೊದಲು ಇದನ್ನು ಯೋಚಿಸಿ.

## ಹಣ ಕಟ್ಟುವ ಸರದಿ

ವೀಸಾಕ್ಕೆ ತಂಗುವ ಜಾಗದ ಮತ್ತು ಪ್ರಯಾಣದ ವಿವರ ತೋರಿಸಬೇಕು. ವೀಸಾ ಸಿಗುವುದು ಖಚಿತವಾಗದೆ ಅವಕ್ಕೆ ಹಣ ಹಾಕಲು ಭಯ. ಈ ಗಂಟನ್ನು ಬಿಡಿಸುವ ದಾರಿ ಹೀಗೆ: ಮೊದಲು ವೀಸಾ ಕೇಂದ್ರದ ದಿನಾಂಕ ಹಿಡಿಯಿರಿ. ಆಮೇಲೆ, ರದ್ದು ಮಾಡಿದರೆ ಪೂರ್ತಿ ಹಣ ಬರುವಂಥ ಹೋಟೆಲ್ ಕೋಣೆ ಕಾಯ್ದಿರಿಸಿ. ವಿಮಾನಕ್ಕೂ ರದ್ದು ಮಾಡಬಹುದಾದ ಕಾಯ್ದಿರಿಸುವಿಕೆಯನ್ನೇ ತೋರಿಸಿ. ವೀಸಾ ಬಂದ ಮೇಲೆ ವಿಮಾನದ ಟಿಕೆಟ್ ಗಟ್ಟಿ ಮಾಡಿ. ಕೊಲೊಸಿಯಂ, ವ್ಯಾಟಿಕನ್ ಟಿಕೆಟ್‌ಗಳ ಸರದಿ ಬರುವುದು ಕೊನೆಗೆ, ಆದರೆ ಅವು ಮಾರಾಟಕ್ಕೆ ಬಂದ ದಿನವೇ. ಕೊಲೊಸಿಯಂ ಟಿಕೆಟ್ ಸುಮಾರು 30 ದಿನ ಮೊದಲಷ್ಟೇ ತೆರೆಯುವುದರಿಂದ, ವೀಸಾ ಅರ್ಜಿ ಬೇಗ ಹಾಕಿದವರಿಗೆ ಈ ಸರದಿ ತಾನಾಗಿ ಹೊಂದಿಕೊಳ್ಳುತ್ತದೆ.

ತಿಂಗಳ ಆಯ್ಕೆಯ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಏಪ್ರಿಲ್-ಮೇ ಮತ್ತು ಅಕ್ಟೋಬರ್ ಹಿತವಾದ ಕಾಲ, ಹಾಗಾಗಿ ಜನವೂ ಹೆಚ್ಚು. ಈಸ್ಟರ್ ವಾರದಲ್ಲಿ ವ್ಯಾಟಿಕನ್ ಸುತ್ತ ಕಾಲಿಡಲು ಜಾಗವಿರುವುದಿಲ್ಲ. ಆಗಸ್ಟ್‌ನಲ್ಲಿ ಸುಡುವ ಬಿಸಿಲು. 15ನೇ ತಾರೀಖಿನ ಹಬ್ಬದ ಆಸುಪಾಸಿನಲ್ಲಿ ಊರಿನವರೇ ಸಮುದ್ರತೀರಕ್ಕೆ ಹೋಗಿರುತ್ತಾರೆ, ಬಡಾವಣೆಯ ಸಣ್ಣ ಹೋಟೆಲ್‌ಗಳು ಬಾಗಿಲು ಹಾಕಿರುತ್ತವೆ. ಕರ್ನಾಟಕದ ಶಾಲೆಗಳ ದಸರಾ ರಜೆ ರೋಮ್‌ನ ಒಳ್ಳೆಯ ಹವೆಯ ಜೊತೆ ಕೂಡಿಬರುತ್ತದೆ.

## ಹೊತ್ತು ನಮೂದಿಸಿದ ಟಿಕೆಟ್

ರೋಮ್ ಯೋಜನೆಯ ಬೆನ್ನೆಲುಬು ಇದು. ಕೊಲೊಸಿಯಂ, ವ್ಯಾಟಿಕನ್ ಮ್ಯೂಸಿಯಂ, ಬೊರ್ಗೀಸ್ ಗ್ಯಾಲರಿ: ಈ ಮೂರಕ್ಕೆ ದಿನ ಮಾತ್ರವಲ್ಲ, ಗಂಟೆ ಕೂಡ ಮೊದಲೇ ಗೊತ್ತುಮಾಡಿಕೊಳ್ಳಬೇಕು. ತಿರುಪತಿಯ ವಿಶೇಷ ಪ್ರವೇಶ ದರ್ಶನದ ಟಿಕೆಟ್ ತೆಗೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆನ್‌ಲೈನ್‌ನಲ್ಲಿ ಬಿಡುಗಡೆ, ಹೆಸರು, ಹೊತ್ತು, ಬಾಗಿಲಲ್ಲಿ ಗುರುತಿನ ಚೀಟಿ. ತಡವಾದರೆ ಮಾತು ನಡೆಯದು.

ಗಂಟೆ ಏಕೆ? ಕೊಲೊಸಿಯಂ ಕ್ರಿ.ಶ. 80ರಲ್ಲಿ ಚಕ್ರವರ್ತಿ ಟೈಟಸ್ ಉದ್ಘಾಟಿಸಿದ, ಕಾದಾಟದ ಪ್ರದರ್ಶನಗಳ ಬಯಲು ರಂಗಮಂದಿರ. ಒಂದು ಕಾಲಕ್ಕೆ ಹತ್ತಾರು ಸಾವಿರ ಪ್ರೇಕ್ಷಕರು ಕೂರುತ್ತಿದ್ದ ಆ ಮೆಟ್ಟಿಲುಗಳು ಈಗ ಬಹುಪಾಲು ಉಳಿದಿಲ್ಲ. ನಡೆಯಲು ಯೋಗ್ಯವಾದ ಮೊಗಸಾಲೆಗಳಲ್ಲಿ ಒಮ್ಮೆಗೆ ಇಂತಿಷ್ಟೇ ಜನ ಇರಬಹುದು. ಹಾಗಾಗಿ ಗಂಟೆಗೆ ಇಷ್ಟು ಎಂದು ಒಳಗೆ ಬಿಡುತ್ತಾರೆ.

ಹೆಸರು ಏಕೆ? ಟಿಕೆಟ್ ಬಿಡುಗಡೆಯಾದ ಕ್ಷಣದಲ್ಲೇ ಕಂಪ್ಯೂಟರ್ ಪ್ರೋಗ್ರಾಂಗಳ ಮೂಲಕ ರಾಶಿಗಟ್ಟಲೆ ಬಾಚಿಕೊಂಡು, ಗೈಡ್ ಸೇವೆಯ ಜೊತೆ ಸೇರಿಸಿ ಹೆಚ್ಚಿನ ಬೆಲೆಗೆ ಮಾರುವ ದಂಧೆ ಬೆಳೆದಿತ್ತು. 2023ರ ಅಕ್ಟೋಬರ್‌ನಿಂದ ಟಿಕೆಟ್ ಮೇಲೆ ಸಂದರ್ಶಕರ ಹೆಸರು ಕಡ್ಡಾಯವಾಯಿತು. 2025ರ ಏಪ್ರಿಲ್‌ನಲ್ಲಿ ಮಾರುಕಟ್ಟೆಯ ಸ್ಪರ್ಧೆಯನ್ನು ನೋಡಿಕೊಳ್ಳುವ ಇಟಲಿಯ ಪ್ರಾಧಿಕಾರವು ಈ ವ್ಯವಹಾರಕ್ಕೆ ಸಂಬಂಧಿಸಿ ಟಿಕೆಟ್ ನಿರ್ವಹಿಸುತ್ತಿದ್ದ ಸಂಸ್ಥೆ ಮತ್ತು ಕೆಲವು ಪ್ರವಾಸ ಕಂಪನಿಗಳಿಗೆ ಒಟ್ಟು ಸುಮಾರು 2 ಕೋಟಿ ಯೂರೊ ದಂಡ ಹಾಕಿತು. ಓದುಗರಿಗೆ ಇದರ ಅರ್ಥ ಇಷ್ಟೇ: ಗೂಗಲ್‌ನಲ್ಲಿ ಹುಡುಕಿದಾಗ ಮೇಲೆ ಕಾಣುವ ಮೊದಲ ನಾಲ್ಕೈದು ತಾಣಗಳು ಮರುಮಾರಾಟಗಾರರದ್ದಿರಬಹುದು. ಕೊಲೊಸಿಯಂ ಪುರಾತತ್ವ ಉದ್ಯಾನದ ಅಧಿಕೃತ ಜಾಲತಾಣವನ್ನೇ ಹುಡುಕಿ ತೆರೆಯಿರಿ. ಹೆಸರು ಪಾಸ್‌ಪೋರ್ಟ್‌ನಲ್ಲಿ ಇರುವಂತೆಯೇ ಇರಲಿ. ಇನಿಷಿಯಲ್ ಹಿಂದುಮುಂದಾಗುವುದು ನಮ್ಮವರಿಗೆ ಬಂದ ಹಳೆಯ ತೊಂದರೆ.

ಒಂದೇ ಟಿಕೆಟ್ಟಿನಲ್ಲಿ ಕೊಲೊಸಿಯಂ, ಪಕ್ಕದ ರೋಮನ್ ಫೋರಂ (ಹಳೆಯ ನಗರದ ಮುಖ್ಯ ಚೌಕದ ಅವಶೇಷ) ಮತ್ತು ಪಲಟೈನ್ ಗುಡ್ಡ ಮೂರೂ ಸೇರಿವೆ. ಗಂಟೆಯ ಕಟ್ಟು ಇರುವುದು ಕೊಲೊಸಿಯಂಗೆ ಮಾತ್ರ. ಫೋರಂನಲ್ಲಿ ನೆರಳು ಕಡಿಮೆ, ಆದ್ದರಿಂದ ಬೇಸಿಗೆಯಲ್ಲಾದರೆ ಬೆಳಿಗ್ಗೆ ಮೊದಲು ಫೋರಂ, ಬಿಸಿಲೇರಿದ ಮೇಲೆ ಕೊಲೊಸಿಯಂ ಎಂದು ಹೊತ್ತು ಆರಿಸಿಕೊಳ್ಳುವುದು ಮೇಲು. 18 ವರ್ಷದೊಳಗಿನವರಿಗೆ ಪ್ರವೇಶ ಉಚಿತ, ಆದರೆ ಅವರ ಹೆಸರಿಗೂ ಟಿಕೆಟ್ ತೆಗೆದಿರಬೇಕು.

ವ್ಯಾಟಿಕನ್ ಮ್ಯೂಸಿಯಂನ ಟಿಕೆಟ್ ವ್ಯಾಟಿಕನ್‌ನದೇ ಜಾಲತಾಣದಲ್ಲಿ. ಮೈಕೆಲಾಂಜೆಲೊ 1508ರಿಂದ 1512ರವರೆಗೆ ಚಾವಣಿ ಚಿತ್ರಿಸಿದ ಸಿಸ್ಟೀನ್ ಚಾಪೆಲ್ ಇರುವುದು ಈ ಮ್ಯೂಸಿಯಂ ದಾರಿಯ ಕೊನೆಯಲ್ಲಿ. ಅದಕ್ಕೆ ಬೇರೆ ಟಿಕೆಟ್ ಇಲ್ಲ, ಒಳಗೆ ಫೋಟೊ ತೆಗೆಯುವಂತಿಲ್ಲ. ಸಂತ ಪೀಟರ್ ಬಸಿಲಿಕಾ ಎಂಬ ದೊಡ್ಡ ಚರ್ಚಿಗೆ ಶುಲ್ಕವಿಲ್ಲ, ಸಾಲು ಮಾತ್ರ ಭದ್ರತಾ ತಪಾಸಣೆಗೆ. ಬೆಳಿಗ್ಗೆ ಬೇಗ ಹೋದಷ್ಟೂ ಅದು ಚಿಕ್ಕದು. ಎರಡೂ ಕಡೆ ಭುಜ, ಮೊಣಕಾಲು ಮುಚ್ಚಿರಬೇಕು. ಸೀರೆ ಉಟ್ಟವರೂ ಒಂದು ಶಾಲು ಇಟ್ಟುಕೊಳ್ಳುವುದು ಒಳ್ಳೆಯದು.

ಬೊರ್ಗೀಸ್ ಗ್ಯಾಲರಿಯಲ್ಲಿ ಎರಡು ಗಂಟೆಯ ಪಾಳಿ. ಪಾಳಿ ಮುಗಿದರೆ ಎಲ್ಲರೂ ಹೊರಗೆ. ಬರ್ನಿನಿ ಕೆತ್ತಿದ ‘ಅಪೊಲೊ ಮತ್ತು ಡಾಫ್ನೆ’ ಇಲ್ಲಿದೆ. ಅಪೊಲೊನಿಂದ ತಪ್ಪಿಸಿಕೊಳ್ಳಲು ಮರವಾಗುತ್ತಿರುವ ಡಾಫ್ನೆಯ ಅಮೃತಶಿಲೆಯ ಬೆರಳುಗಳು ಎಲೆಗಳಾಗಿ ಚಿಗುರುವುದನ್ನು ನೋಡಬೇಕಾದರೆ ಶಿಲ್ಪದ ಸುತ್ತ ನಡೆಯಬೇಕು. ಜನರನ್ನು ಮಿತಿಯಲ್ಲಿಟ್ಟಿರುವುದರಿಂದ ಅದು ಸಾಧ್ಯ. ಮೂರರಲ್ಲಿ ಒಂದನ್ನು ಕೈಬಿಡಬೇಕಾಗಿ ಬಂದಾಗ ಹೆಚ್ಚಿನವರು ಇದನ್ನೇ ಬಿಡುತ್ತಾರೆ. ನನ್ನನ್ನು ಕೇಳಿದರೆ ಕಣ್ಣಿಗೆ ಸಮಾಧಾನ ಸಿಗುವುದು ಇಲ್ಲೇ.

ಪುರಾತನ ಗುಮ್ಮಟದ ದೇಗುಲ ಪ್ಯಾಂಥಿಯನ್‌ಗೆ 2023ರ ಜುಲೈಯಿಂದ ಟಿಕೆಟ್ ಬಂದಿದೆ. ಟ್ರೆವಿ ಕಾರಂಜಿಯ ಕೊಳದ ಅಂಚಿಗೆ ಇಳಿಯಲು 2026ರ ಫೆಬ್ರುವರಿಯಿಂದ ಪ್ರವಾಸಿಗರಿಗೆ 2 ಯೂರೊ. ಮೇಲಿನ ಚೌಕದಲ್ಲಿ ನಿಂತು ನೋಡಲು ಶುಲ್ಕವಿಲ್ಲ. ಇವೆರಡಕ್ಕಾಗಿ ಇಡೀ ದಿನದ ಯೋಜನೆ ಬದಲಿಸಬೇಕಾಗಿಲ್ಲ.

## ಯಾವ ವಾರ ಯಾವ ಬಾಗಿಲು

ದಿನಗಳನ್ನು ಹಂಚುವಾಗ ವಾರದ ಲೆಕ್ಕ ಹಾಕಿ. ಬೊರ್ಗೀಸ್ ಮತ್ತು ಹಲವು ಸರ್ಕಾರಿ ಮ್ಯೂಸಿಯಂಗಳಿಗೆ ಸೋಮವಾರ ರಜೆ. ವ್ಯಾಟಿಕನ್ ಮ್ಯೂಸಿಯಂಗೆ ಭಾನುವಾರ ರಜೆ, ತಿಂಗಳ ಕೊನೆಯ ಭಾನುವಾರ ಮಾತ್ರ ತೆರೆದು ಉಚಿತವಾಗಿ ಬಿಡುತ್ತಾರೆ. ಆ ದಿನದ ಸಾಲು ನೋಡಿದರೆ ಟಿಕೆಟ್ಟಿನ ಹಣ ಹೆಚ್ಚೆನಿಸದು. ಬುಧವಾರ ಬೆಳಿಗ್ಗೆ ಪೋಪ್ ಸಾರ್ವಜನಿಕರಿಗೆ ಕಾಣಿಸಿಕೊಳ್ಳುವಾಗ ಸಂತ ಪೀಟರ್ ಬಸಿಲಿಕಾದ ಬಾಗಿಲು ಪ್ರವಾಸಿಗರಿಗೆ ಮುಚ್ಚಿರುತ್ತದೆ. ತಿಂಗಳ ಮೊದಲ ಭಾನುವಾರ ಕೊಲೊಸಿಯಂ ಸೇರಿ ಸರ್ಕಾರಿ ತಾಣಗಳು ಉಚಿತ, ಆದರೆ ಅಂದು ಮೊದಲೇ ಹೊತ್ತು ಕಾಯ್ದಿರಿಸಲು ಆಗುವುದಿಲ್ಲ. ದೂರದಿಂದ ಬಂದವರು ಆ ದಿನವನ್ನು ಚರ್ಚುಗಳಿಗೂ ಚೌಕಗಳಿಗೂ ಬಿಟ್ಟುಕೊಡುವುದು ಲೇಸು.

## ನೆಲದಡಿ ಇನ್ನೊಂದು ಊರು

ರೋಮ್ ನೋಡಲು ಹೋದವರಿಗೆ ಮೊದಲ ಗೊಂದಲ ಹುಟ್ಟುವುದು ಎರಡು ಸಾವಿರ ವರ್ಷದ ಕಂಬದ ಪಕ್ಕದಲ್ಲೇ ನಾಲ್ಕುನೂರು ವರ್ಷದ ಚರ್ಚು, ಅದರೆದುರು ಟ್ರಾಮ್ ಹಾದುಹೋಗುವಾಗ. ಯಾವುದು ಯಾವ ಕಾಲದ್ದು? ನದಿಯ ನೆರೆ, ಬಿದ್ದ ಕಟ್ಟಡಗಳ ಅವಶೇಷ ಸೇರಿ ಈ ಊರಿನ ನೆಲ ಶತಮಾನದಿಂದ ಶತಮಾನಕ್ಕೆ ಏರುತ್ತ ಬಂದಿದೆ. ಇದ್ದದ್ದನ್ನು ಕಿತ್ತು ಕಟ್ಟುವ ಬದಲು ಮಣ್ಣು ತುಂಬಿ ಮೇಲೆ ಕಟ್ಟಿದರು. ಫೋರಂ ಇಂದಿನ ರಸ್ತೆಗಿಂತ ಕೆಳಗಿರುವುದು ಅದೇ ಕಾರಣಕ್ಕೆ.

ಇದು ಕಣ್ಣಿಗೆ ಬೀಳುವುದು ಕೊಲೊಸಿಯಂನಿಂದ ಕಾಲ್ನಡಿಗೆಯಲ್ಲಿರುವ ಸಂತ ಕ್ಲೆಮೆಂಟ್ ಬಸಿಲಿಕಾದಲ್ಲಿ. ಒಳಹೊಕ್ಕಾಗ ನಿಲ್ಲುವುದು 12ನೇ ಶತಮಾನದ ಚರ್ಚಿನಲ್ಲಿ. ಮೆಟ್ಟಿಲಿಳಿದರೆ 4ನೇ ಶತಮಾನದ ಚರ್ಚು. ಮತ್ತೂ ಇಳಿದರೆ ಕ್ರಿಸ್ತಶಕದ ಆರಂಭದ ಕಾಲದ ಕಟ್ಟಡ, ಮಿತ್ರಾಸ್ ದೇವನ ಪೂಜಾಸ್ಥಳ, ಗೋಡೆಯಾಚೆ ಹರಿಯುವ ನೀರಿನ ಸದ್ದು. ನಗರದ ಇತಿಹಾಸವನ್ನು ಪುಸ್ತಕದಲ್ಲಿ ಓದಲು ಸಮಯವಿಲ್ಲದವರು ಮೊದಲ ದಿನವೇ ಇಲ್ಲಿಗೆ ಬಂದರೆ ಉಳಿದ ಊರು ಅರ್ಥವಾಗುತ್ತದೆ.

ಮೆಟ್ರೊ ಮಾರ್ಗಗಳು ಮೂರೇ ಇರುವುದಕ್ಕೂ ಈ ಪದರಗಳಿಗೂ ಸಂಬಂಧವಿದೆ. ಎಲ್ಲಿ ಅಗೆದರೂ ಏನಾದರೂ ಸಿಗುತ್ತದೆ, ಕೆಲಸ ನಿಲ್ಲುತ್ತದೆ. ವರ್ಷಗಟ್ಟಲೆ ಎಳೆದಾಡಿ 2025ರ ಡಿಸೆಂಬರ್‌ನಲ್ಲಿ ತೆರೆದ ಸಿ ಮಾರ್ಗದ ಕೊಲೊಸಿಯಂ ನಿಲ್ದಾಣದಲ್ಲಿ, ಅಗೆಯುವಾಗ ಸಿಕ್ಕ ಪ್ರಾಚೀನ ಬಾವಿಗಳನ್ನೂ ವಸ್ತುಗಳನ್ನೂ ಪ್ರದರ್ಶನಕ್ಕಿಟ್ಟಿದ್ದಾರೆ.

ಈ ನಗರದ ನಾಣ್ಯಗಳು ನಮ್ಮ ಮಣ್ಣಿನಲ್ಲೂ ಸಿಕ್ಕಿವೆ. 1891ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ ರೈಲು ಮಾರ್ಗದ ಕೆಲಸಕ್ಕೆ ಅಗೆಯುವಾಗ 163 ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕಿದ್ದವು. ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ರೋಮನ್ ನಾಣ್ಯಗಳು ದೊರೆತಿವೆ. ಅವುಗಳ ಒಡಹುಟ್ಟುಗಳನ್ನು ನೋಡಬೇಕೆಂದರೆ ಟರ್ಮಿನಿ ರೈಲು ನಿಲ್ದಾಣದ ಎದುರಿಗಿರುವ ಪಲಾಟ್ಸೊ ಮಾಸ್ಸಿಮೊ ಮ್ಯೂಸಿಯಂನ ನೆಲಮಾಳಿಗೆಗೆ ಇಳಿಯಬಹುದು. ಅಲ್ಲಿ ಜನಸಂದಣಿಯೂ ಕಡಿಮೆ.

ದಿನಗಳನ್ನು ಕಟ್ಟುವ ಕೆಲಸ ಈಗ ಸುಲಭ. ಕೊಲೊಸಿಯಂ, ಫೋರಂ, ಸಂತ ಕ್ಲೆಮೆಂಟ್, ಕ್ಯಾಪಿಟೊಲೈನ್ ಗುಡ್ಡ ಇವು ಒಂದು ಗುಂಪು. ವ್ಯಾಟಿಕನ್ ಮತ್ತು ಸಂತ ಏಂಜೆಲೊ ಕೋಟೆ ಇನ್ನೊಂದು. ಪ್ಯಾಂಥಿಯನ್, ನವೋನಾ ಚೌಕ, ಟ್ರೆವಿ, ಸ್ಪ್ಯಾನಿಷ್ ಮೆಟ್ಟಿಲುಗಳು ನಡೆದೇ ಮುಗಿಯುವ ಮೂರನೆಯ ಗುಂಪು. ಆ ಮೆಟ್ಟಿಲುಗಳ ಮೇಲೆ ಕೂರುವುದು 2019ರಿಂದ ನಿಷಿದ್ಧ, ಕೂತರೆ ದಂಡ. ದಿನಕ್ಕೆ ಹೊತ್ತು ನಮೂದಿಸಿದ ಒಂದೇ ಟಿಕೆಟ್ ಇಟ್ಟುಕೊಂಡು, ಸುತ್ತಲಿನದನ್ನು ಕಾಲು ಒಯ್ದ ಕಡೆಗೆ ಬಿಡಿ. ಒಂದೇ ದಿನ ಬೆಳಿಗ್ಗೆ ಕೊಲೊಸಿಯಂ, ಮಧ್ಯಾಹ್ನ ವ್ಯಾಟಿಕನ್ ಮ್ಯೂಸಿಯಂ ಎಂದು ಬರೆದುಕೊಂಡವರು ಎರಡನೆಯದರಲ್ಲಿ ನೋಡುವುದು ಕುರ್ಚಿ ಎಲ್ಲಿದೆ ಎಂಬುದನ್ನಷ್ಟೇ.

## ಓಡಾಟ, ಕಾರ್ಡು, ಜೇಬು

ಫಿಯುಮಿಚಿನೊ ವಿಮಾನ ನಿಲ್ದಾಣದಿಂದ ಟರ್ಮಿನಿಗೆ ಲಿಯೊನಾರ್ಡೊ ಎಕ್ಸ್‌ಪ್ರೆಸ್ ರೈಲು ನಡುವೆ ಎಲ್ಲೂ ನಿಲ್ಲದೆ 32 ನಿಮಿಷದಲ್ಲಿ ತಲುಪುತ್ತದೆ. ಅದಕ್ಕಿಂತ ಅಗ್ಗದ ಪ್ರಾದೇಶಿಕ ರೈಲು ಟ್ರಾಸ್ಟೆವೆರೆ, ಒಸ್ತಿಯೆನ್ಸೆ ಮೂಲಕ ಹೋಗುತ್ತದೆ, ಟರ್ಮಿನಿಗೆ ಬರುವುದಿಲ್ಲ. ಹೋಟೆಲ್ ಎಲ್ಲಿದೆ ನೋಡಿ ಆರಿಸಿಕೊಳ್ಳಿ. ಕಾಗದದ ಟಿಕೆಟ್ ಆದರೆ ಹತ್ತುವ ಮೊದಲು ಪ್ಲಾಟ್‌ಫಾರಂನ ಯಂತ್ರದಲ್ಲಿ ಮುದ್ರೆ ಹಾಕಿಸಬೇಕು, ಇಲ್ಲದಿದ್ದರೆ ಟಿಕೆಟ್ ಇದ್ದೂ ದಂಡ ಬೀಳುತ್ತದೆ. ಟ್ಯಾಕ್ಸಿಗೆ ಔರೇಲಿಯನ್ ಗೋಡೆಯೊಳಗಿನ ಹಳೆಯ ಊರಿಗೆ ನಗರಾಡಳಿತ ಗೊತ್ತುಮಾಡಿದ ಒಂದೇ ದರವಿದೆ. 3ನೇ ಶತಮಾನದಲ್ಲಿ ದಾಳಿ ತಡೆಯಲು ಕಟ್ಟಿಸಿದ ಗೋಡೆ ಇಂದು ಟ್ಯಾಕ್ಸಿ ಬಾಡಿಗೆಯ ಗಡಿ!

ಮೆಟ್ರೊ, ಬಸ್ಸಿನಲ್ಲಿ ಬ್ಯಾಂಕ್ ಕಾರ್ಡನ್ನೇ ತಾಗಿಸಿ ಹೋಗಬಹುದು. ರಿಸರ್ವ್ ಬ್ಯಾಂಕ್ ನಿಯಮದಂತೆ ನಮ್ಮ ಕಾರ್ಡುಗಳು ಹೊಸದಾಗಿ ಬಂದಾಗ ವಿದೇಶದಲ್ಲಿ ಕೆಲಸ ಮಾಡುವುದಿಲ್ಲ; ಬ್ಯಾಂಕಿನ ಆ್ಯಪ್‌ನಲ್ಲಿ ಅಂತರರಾಷ್ಟ್ರೀಯ ಬಳಕೆಯನ್ನು ನಾವೇ ಚಾಲೂ ಮಾಡಬೇಕು. ಅಂಗಡಿಯ ಯಂತ್ರ ‘ರೂಪಾಯಿಯೋ ಯೂರೊವೋ’ ಎಂದು ಕೇಳಿದರೆ ಯೂರೊ ಎನ್ನಿ. ರೂಪಾಯಿ ಆರಿಸಿದರೆ ಬದಲಾವಣೆಯ ದರ ನಿಗದಿ ಮಾಡುವುದು ಆ ಯಂತ್ರದ ಕಡೆಯವರು, ಅದು ಸಾಮಾನ್ಯವಾಗಿ ನಮಗೆ ನಷ್ಟ. ಹೋಟೆಲ್ ಬಿಲ್ಲಿನ ಜೊತೆ ತಲೆಗೆ, ರಾತ್ರಿಗೆ ಇಷ್ಟೆಂದು ನಗರ ತೆರಿಗೆ ಬೇರೆಯಾಗಿ ಕೇಳುತ್ತಾರೆ. ಅದು ಮೋಸವಲ್ಲ.

ಟರ್ಮಿನಿಯಿಂದ ವ್ಯಾಟಿಕನ್ ಕಡೆ ಹೋಗುವ 64ನೇ ನಂಬರ್ ಬಸ್ಸು ಜೇಬುಗಳ್ಳರಿಗೆ ಹೆಸರುವಾಸಿ. ಪಾಸ್‌ಪೋರ್ಟನ್ನು ಒಳಜೇಬಿನಲ್ಲಿಡಿ, ಅದರ ಪ್ರತಿ ಮೊಬೈಲ್‌ನಲ್ಲಿರಲಿ. ತುರ್ತು ಸಹಾಯಕ್ಕೆ 112.

## ಸಸ್ಯಾಹಾರಿಗಳ ಊಟ

ನೀರು ಕೊಳ್ಳಬೇಕಾಗಿಲ್ಲ. ಬೀದಿಬೀದಿಯಲ್ಲಿ ‘ನಸೋನೆ’ ಎಂಬ ಎರಕದ ಕಬ್ಬಿಣದ ನಲ್ಲಿಗಳು ಹಗಲೂ ರಾತ್ರಿ ತಣ್ಣನೆಯ ಕುಡಿಯುವ ನೀರು ಸುರಿಸುತ್ತಿರುತ್ತವೆ. ಮೂತಿಗೆ ಬೆರಳು ಒತ್ತಿದರೆ ಮೇಲಿನ ತೂತಿನಿಂದ ನೀರು ಬಾಯಿಗೇ ಚಿಮ್ಮುತ್ತದೆ. ಬಾರಿನಲ್ಲಿ (ಅಲ್ಲಿ ಕಾಫಿ ಅಂಗಡಿಗೂ ಇದೇ ಹೆಸರು) ನಿಂತು ಕುಡಿದ ಕಾಫಿಗಿಂತ ಮೇಜಿಗೆ ತರಿಸಿಕೊಂಡದ್ದಕ್ಕೆ ಬೆಲೆ ಹೆಚ್ಚು. ನಮ್ಮ ದರ್ಶಿನಿಗೆ ಹೋಗಿ ಅಭ್ಯಾಸವಿದ್ದವರಿಗೆ ನಿಂತು ಕುಡಿಯುವುದು ಕಷ್ಟವಲ್ಲ.

ತೂಕಕ್ಕೆ ಕತ್ತರಿಸಿ ಕೊಡುವ ಪಿಜ್ಜಾದಲ್ಲಿ ಟೊಮೆಟೊ, ಆಲೂಗಡ್ಡೆಯವು ಸಿಗುತ್ತವೆ. ಮಾರಿನಾರಾ ಪಿಜ್ಜಾದಲ್ಲಿ ಚೀಸ್ ಕೂಡ ಇಲ್ಲ. ಕಾಣದ ಜಾಗದಲ್ಲಿ ಮಾಂಸ ಇರುವುದರ ಬಗ್ಗೆ ಎಚ್ಚರವಿರಲಿ: ಕರಿದ ಕುಂಬಳದ ಹೂವಿನೊಳಗೆ ಸಣ್ಣ ಮೀನು, ತರಕಾರಿ ಸೂಪಿನಲ್ಲಿ ಮಾಂಸದ ರಸ ಇರಬಹುದು. ಪೆಕೊರಿನೊ ರೊಮಾನೊ ಚೀಸ್ ಮಾಡಲು ಕುರಿಮರಿಯ ಹೊಟ್ಟೆಯಿಂದ ತೆಗೆದ ಹೆಪ್ಪನ್ನು ಬಳಸುತ್ತಾರೆ. ಕಟ್ಟುನಿಟ್ಟಿನವರು ಮೆಣಸು-ಚೀಸಿನ ಪಾಸ್ತಾವನ್ನು ಬಿಡಬೇಕಾಗುತ್ತದೆ. ‘ಸೆನ್ಸಾ ಕಾರ್ನೆ, ಸೆನ್ಸಾ ಪೆಷೆ’ ಎಂದರೆ ಮಾಂಸ ಬೇಡ, ಮೀನು ಬೇಡ ಎಂದು. ರಾತ್ರಿಯ ಅಡುಗೆ ಏಳೂವರೆಗೆ ಮೊದಲು ಸಿಗುವುದು ಅಪರೂಪ.

## ಒಂದು ದಿನ ಉಳಿದರೆ

ಮೂರು ದಿನ ಇದ್ದವರು ನಾಲ್ಕನೆಯ ದಿನಕ್ಕೆ ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋಗಿದ್ದ ಊರಾದ ಪಾಂಪೆ ಎನ್ನುತ್ತಾರೆ. ರೈಲಿನಲ್ಲಿ ನೇಪಲ್ಸ್, ಅಲ್ಲಿಂದ ಇನ್ನೊಂದು ರೈಲು. ಹೋಗಿಬರುವುದರಲ್ಲೇ ಅರ್ಧ ದಿನ ಹೋಗುತ್ತದೆ. ಹಾಳೂರೊಂದನ್ನು ನಡೆದು ನೋಡಬೇಕೆಂಬ ಆಸೆಯಾದರೆ ರೋಮ್‌ನ ಹಳೆಯ ಬಂದರು ಓಸ್ಟಿಯಾ ಆಂಟಿಕಾ ಹತ್ತಿರದಲ್ಲಿದೆ. ಮೆಟ್ರೊ ಬಿ ಮಾರ್ಗದ ಪಿರಮಿಡೆ ನಿಲ್ದಾಣದ ಪಕ್ಕದಿಂದ ಹೊರಡುವ ರೈಲು ಅರ್ಧ ಗಂಟೆಯಲ್ಲಿ ಬಿಡುತ್ತದೆ, ನಗರದ ಮಾಮೂಲಿ ಟಿಕೆಟ್ಟೇ ಸಾಕು. ವರ್ತಕರ ಮಳಿಗೆಗಳ ಮುಂದೆ ನೆಲದ ಮೇಲೆ ಸಣ್ಣ ಕಲ್ಲುಚೂರು ಜೋಡಿಸಿ ಹಡಗು, ಆನೆಗಳನ್ನು ಬಿಡಿಸಿದ ಚಿತ್ರಗಳಿವೆ. ಯಾವ ಮಳಿಗೆ ಯಾವ ಊರಿನ ವ್ಯಾಪಾರಿಗಳದ್ದು ಎಂದು ತಿಳಿಸುವ ಬೋರ್ಡುಗಳು ಅವು. ಬಾಡಿಗೆ ಮನೆಗಳು, ನಾಟಕಶಾಲೆ, ಸಾಲು ಕಲ್ಲಿನ ಪಾಯಿಖಾನೆ ಎಲ್ಲ ಅಲ್ಲೇ. ಸೋಮವಾರ ಇದಕ್ಕೂ ರಜೆ.